ಮುಚ್ಚಿದ ಮ

ಅತ್ತಾವರದಲ್ಲಿ ಮೂರನೇ ಮಾಳಿಗೆ, ಕೆಳಗೆ ಟಯರಿನಂಗಡಿ.
ಹೈಫಾದ ಯಾವುದೋ ವೃದ್ಧಾಶ್ರಮದ ಹಳೇ ಕಡತವನ್ನು
ಹೊಸ ಕಂಪ್ಯೂಟರಿಗೆ ದಾಟಿಸುವ ಕೆಲಸ ನನ್ನದು.
ನಾಲ್ಕು ಸಾವಿರದ ಇನ್ನೂರ ಹನ್ನೊಂದು ಹೆಸರು,
ಒಂದನ್ನೂ ಓದಲು ಬಾರದು.

ಗೋಣಿ ಎಣಿಸುವವನಿಗೆ ಒಳಗಿನ ಮೆಣಸಿನ ಖಾರ
ಗೊತ್ತಿರಬೇಕೆಂದಿಲ್ಲ, ಅನ್ನುತ್ತಿದ್ದ
ಧಕ್ಕೆಯಲ್ಲಿ ದುಡಿದ ನನ್ನಪ್ಪ.

ಸುರಿದೆ. ಬಂದವು ಸಾಲುಸಾಲಾಗಿ
ಬೆಂಕಿಕಡ್ಡಿ ಮುರಿದು ಜೋಡಿಸಿದಂಥ ಅಕ್ಷರ.
ಎಣಿಕೆ ಸರಿ ಇತ್ತು. ಊಟಕ್ಕೆ ಹೋದೆ.
ಬರುವಷ್ಟರಲ್ಲಿ ಅಲ್ಲಿಂದ ಒಂದೇ ಸಾಲಿನ ಪತ್ರ:
ನಮ್ಮ ಅಜ್ಜಿಯರೆಲ್ಲ ಹಿಂದುಮುಂದಾಗಿದ್ದಾರೆ.

ಚಹಾ ತಂದ ಇದಿನಬ್ಬರು ಲೋಟವನ್ನು
ಪರದೆಯ ಬಲಕ್ಕಿಟ್ಟು ಅಲ್ಲಿಂದಲೇ ನೋಡತೊಡಗಿದರು,
ಬಂದರಿನ ಮದರಸದಲ್ಲಿ ಏಳು ವರ್ಷ ಪಳಗಿದ ಕಣ್ಣು.
"ಈ ಲಿಪಿ ನನಗೂ ಬರುವುದಿಲ್ಲ ವಾರಿಜಕ್ಕ.
ಆದರೆ ನಮ್ಮದರಲ್ಲಿ ಕೆಲವು ಅಕ್ಷರ
ಪದದ ಕೊನೆಗೆ ಬಂದ ಮೇಲಷ್ಟೇ ಕಾಲು ಚಾಚುವುದು.
ಇಲ್ಲಿ ಎಲ್ಲ ಬಾಗಿಲಲ್ಲೇ ಕಾಲು ಚಾಚಿ ಕೂತಿವೆಯಲ್ಲ!"

ಹುಡುಕಿದೆ. ಹೌದು. ಮಿರಿಯಮಳ ಕೊನೆಯ ಮ
ಮುಚ್ಚಳ ಹಾಕಿದ ಡಬ್ಬಿ; ಅದು ಕೊನೆಗೇ ಮೀಸಲು.
ಹಳೇ ಯಂತ್ರ ಕಣ್ಣಿಗೆ ಕಂಡಂತೆ ಪೇರಿಸಿಟ್ಟಿತ್ತು,
ಹೊಸದು ಬಾಯಿ ನುಡಿದಂತೆ ಕೊಡು ಎನ್ನುತ್ತದೆ,
ತೋರಿಸುವಾಗ ತಾನೇ ತಿರುಗಿಸುತ್ತದೆ.
ಮಗುಚಬಾರದ ನೀರುದೋಸೆಯನ್ನು
ಯಾರೋ ಮಗುಚಿದಂತಾಗಿತ್ತು.

ಸಾಲಿಗೆ ಸಾಲೇ ತಿರುವಿದೆ.
ಡಬ್ಬಿಗಳೆಲ್ಲ ತಂತಮ್ಮ ಮೂಲೆಗೆ ಹೋದವು.
ಆದರೆ ಮಿರಿಯಮ್ ಹುಟ್ಟಿದ ವರುಷ
೧೯೩೮ ಇದ್ದದ್ದು ೮೩೯೧.
ಇನ್ನೂ ಆರು ಸಾವಿರ ವರ್ಷ ಕಾಯಬೇಕು ಮುದುಕಿ,
ಹುಟ್ಟುವುದಕ್ಕೆ.
ಇದಿನಬ್ಬರು ನಕ್ಕು ಲೋಟ ಎತ್ತಿದರು:
"ಅಂಕೆ ನಮ್ಮಲ್ಲೂ ಎಡದಿಂದಲೇ. ಅದನ್ನು ಮುಟ್ಟಬೇಡಿ."

ಅಂಕೆ ಬಿಟ್ಟು ಅಕ್ಷರ ತಿರುವಿ,
ಆವರಣಚಿಹ್ನೆಗಳ ಬೆನ್ನು ಹೊಟ್ಟೆ ನೋಡಿ
ಮುಗಿಸುವಾಗ ರಾತ್ರಿ ಒಂಬತ್ತೂಕಾಲು.
ಟಯರಿನಂಗಡಿಯ ಶಟರು ಯಾವಾಗಲೋ ಬಿದ್ದಿತ್ತು.

ಕೆಲಸ ಮಾಡಿದವರು ಎಂಬಲ್ಲಿ ನನ್ನ ಹೆಸರು ಹಾಕಬೇಕು.
ವಾರಿಜ ಎಂದು ಒತ್ತಿ, ಮುಂದಕ್ಕೆ
ಕ ಒತ್ತಿದೆ, ರ ಒತ್ತಿದೆ, ಆಮೇಲೆ ಕೇ.
ನೋಡನೋಡುತ್ತ ರ ಎದ್ದು
ಕೇಯ ಬೆನ್ನ ಹಿಂದೆ ಹೋಗಿ ನಿಂತುಕೊಂಡಿತು,
ಕರ್ಕೇರ.

ನಾಲಗೆಗೆ ಮೊದಲು, ಕಣ್ಣಿಗೆ ಆಮೇಲೆ.
ನಲವತ್ತಾರು ವರ್ಷ ಹೀಗೇ ಸಹಿ ಹಾಕಿದ್ದೇನೆ,
ಯಾರೂ ಪತ್ರ ಬರೆದಿರಲಿಲ್ಲ.