ಐದನೆಯ ಷರತ್ತು

ಬಸವಕಲ್ಯಾಣ. ಪಿಯು ಎರಡನೇ ವರ್ಷ,
ಊಟವಾದ ಮೇಲಿನ ತೂಕಡಿಕೆಯ ತಾಸು.
ಸ್ಟೀಲ್ ಡಬ್ಬಿಯಲ್ಲಿ ನೂರು ತೊಗರಿಕಾಳು:
ಅರವತ್ತು ಕೆಂಪು, ನಲವತ್ತು ಬಿಳಿ.
ಕಣ್ಣು ಮುಚ್ಚಿ ಎರಡೆರಡು ತೆಗೆಯಿರಿ, ಅಂದೆ,
ಬರೆದುಕೊಂಡು ವಾಪಸ್ ಹಾಕಿ, ಅಲುಗಿಸಿ.

ನೂರು ಜೋಡಿ ತೆಗೆದರೆ, ಒಂದೆರಡು ಆಚೀಚೆ,
ಮೂವತ್ತಾರು, ನಲವತ್ತೆಂಟು, ಹದಿನಾರು.
ಕೆಂಪಿಗೆ ಕೆಂಪು, ಕೆಂಪಿಗೆ ಬಿಳಿ, ಬಿಳಿಗೆ ಬಿಳಿ.
ಎಷ್ಟು ತಲೆಮಾರು ಅಲುಗಿಸಿದರೂ ಅಷ್ಟೇ.
ಏನೂ ಬದಲಾಗದೆ ಇರುವುದಕ್ಕೂ
ಷರತ್ತು ಬೇಕು ಮಕ್ಕಳೇ, ಐದು.

ಯಾರೂ ಊರು ಬಿಡಬಾರದು, ಯಾರೂ ಬರಬಾರದು.
(ಹೊರಗೆ ಹುಮನಾಬಾದ್ ಬಸ್ಸು ಹಾರ್ನ್ ಹೊಡೆಯಿತು.
ಹಿಂದಿನ ಬೆಂಚಿನ ಅರ್ಧ ಅಪ್ಪಂದಿರು ಪುಣೆಯಲ್ಲಿ.)
ನಕಲು ಇಳಿಸುವಾಗ ಒಂದು ಒತ್ತಕ್ಷರವೂ ಜಾರಬಾರದು.
ಸಂಖ್ಯೆ ದೊಡ್ಡದಿರಬೇಕು: ಬೊಗಸೆ ಸಾಲದು, ಹಗೇವಿನಷ್ಟು.
ಆಯ್ಕೆ ಇರಬಾರದು;
ನೆಟೆರೋಗ ಹೊಕ್ಕ ಹೊಲದಲ್ಲಿ
ನಿಂತ ಗಿಡವಷ್ಟೇ ಕಾಳು ಬಿಟ್ಟರೆ
ಮುಂದಿನ ವರ್ಷದ ಡಬ್ಬಿಯೇ ಬೇರೆ.

ಐದನೆಯದನ್ನು ನಾನು ಪ್ರತಿವರ್ಷ
ಬೋರ್ಡಿನ ಕಡೆ ಮುಖ ಮಾಡಿ ಹೇಳುತ್ತೇನೆ.
ಯಾರು ಯಾರನ್ನಾದರೂ ಕೂಡಬಹುದು.
ಆರಿಸದೆ. ಕೇಳದೆ.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಲ್ಲ.
ಇದೇ ಊರು. ಒಂದು ಮದುವೆಯ ನೆಪಕ್ಕೆ
ಬೀದಿಯಲ್ಲಿ ಮನುಷ್ಯರನ್ನು ಎಳೆಸಿದರಂತೆ,
ಎಂಟುನೂರು ವರ್ಷ ದಾಟಿತು,
ಕೋಟೆಯ ಕಲ್ಲಿಗೂ ಗೊತ್ತು,
ನಮ್ಮ ಪರೀಕ್ಷೆಗೆ ಬರುವುದಿಲ್ಲ.

"ಸರ್," ಎದ್ದು ನಿಂತಳು ಜಗದೇವಿ,
"ನಮ್ಮವ್ವಗ ಸೋದರಮಾವನೇ ಗಂಡ್ರಿ. ಅವರವ್ವಗೂ.
ನನ್ನ ತಮ್ಮಗ ಕಿವಿ ಕೇಳಂಗಿಲ್ಲ.
ಆ ಹದಿನಾರರಾಗ ಅವನೂ ಒಬ್ಬ ಏನ್ರಿ?"

ಉತ್ತರ ಗೊತ್ತಿತ್ತು. ಹತ್ತಿರದವರೇ ಕೂಡುತ್ತ ಹೋದರೆ
ಹದಿನಾರು ಹದಿನಾರಾಗಿ ನಿಲ್ಲುವುದಿಲ್ಲ, ಏರುತ್ತದೆ;
ನಡುವಿನ ನಲವತ್ತೆಂಟು ಎರಡೂ ಬದಿಗೆ ಸವೆಯುತ್ತದೆ.
ಆದರೆ ಕಿವುಡಿಗೆ ನೂರು ದಾರಿ, ಅಂತಲೂ ಅಂದೆ,
ಯಾರನ್ನು ಸಮಾಧಾನ ಮಾಡಲೆಂದೋ.
ಅವಳು ಸೂತ್ರ ಬರೆದುಕೊಂಡಳು, ಅಡಿಗೆರೆ ಎಳೆದಳು.
ಸಮಾಧಾನವನ್ನು ಬರೆದುಕೊಳ್ಳಲಿಲ್ಲ.

ಗಂಟೆ ಹೊಡೆಯಿತು. ಗೇಟಿನ ಹತ್ತಿರ
ಸೈಕಲ್ ಹಿಡಿದು ನಿಂತಿದ್ದ ಹುಡುಗ,
ತನಗೆ ಕೇಳದ ಬೆಲ್ಲನ್ನು
ಅಕ್ಕನಿಗೆಂದು ಬಾರಿಸುತ್ತ, ಬಾರಿಸುತ್ತ.

ಕಾಳು ಎಣಿಸಿದೆ: ತೊಂಬತ್ತೊಂಬತ್ತು.
ಯಾರೋ ಒಂದನ್ನು ಬಾಯಿಗೆ ಹಾಕಿಕೊಂಡಿದ್ದಾರೆ.
ಕೆಂಪೋ ಬಿಳಿಯೋ, ನೋಡಲಿಲ್ಲ.
ಮುಚ್ಚಳ ಹಾಕಿದೆ.