ಕೋರಲಿಯ ಹಾಜರಿ ಪುಸ್ತಕ

ಲಿಸ್ಮೋರಿನಲ್ಲಿ ನದಿ ಇಳಿದ ಮೂರನೆಯ ದಿನ
ನಮ್ಮ ಬೀದಿಯ ಫ್ರಿಜ್ಜುಗಳೆಲ್ಲ ಹೊರಗೆ ಬಂದು
ಬಾಯಿ ತೆರೆದು ಸಾಲಾಗಿ ನಿಂತಿದ್ದವು.
ಕೊಳೆತ ಮಾಂಸ, ಡೀಸೆಲ್ಲು,
ಗೋಡೆಯ ಮೇಲೆ ನನ್ನ ಕುತ್ತಿಗೆಯ ಮಟ್ಟಕ್ಕೆ ಎಳೆದ ಕಂದು ಗೆರೆ.
ಆಸ್ಪತ್ರೆ ಲ್ಯಾಬಿನ ಬ್ಯಾಡ್ಜು ಇನ್ನೂ ಎದೆಯಲ್ಲೇ ಇತ್ತು.
ಸಲಿಕೆ ಹಿಡಿದು ಸುಮ್ಮನೆ ನಿಂತಿದ್ದೆ.
ಎಲ್ಲಿಂದ ಶುರು ಮಾಡುವುದು, ಕೆಸರಿಗೆ ತುದಿಯೇ ಇರಲಿಲ್ಲ.

ಆಗ ಬಂದಳು ಕೋರಲಿ ಹೆನ್ಸ್‌ಬಿ,
ಗಂಡಸರ ಗಂಬೂಟು, ಕುತ್ತಿಗೆಗೆ ದಾರದಲ್ಲಿ ಪೆನ್ಸಿಲ್ಲು.
ಇಂಕಿಗೆ ನೀರೆಂದರೆ ಭಯ, ಅಂದಳು.
ಹೆಸರು ಕೇಳಿದಳು, ಯಾವ ಯಾವ ಮಾತ್ರೆ ಅಂತ ಕೇಳಿದಳು,
ರಾತ್ರಿ ಎಲ್ಲಿ ಮಲಗಿದ್ದೆ?
ಕಾರಿನಲ್ಲಿ, ಅಂದೆ. ಬರೆದುಕೊಂಡಳು.
ಅಯ್ಯೋ ಪಾಪ ಅನ್ನಲಿಲ್ಲ, ಅದಕ್ಕೇ ಅಳು ಬಂತು.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ.
ಮನೆಗಳನ್ನು ನಂಬರಿನ ಪ್ರಕಾರ ಅಲ್ಲ,
ಸ್ಟಾಪಿನ ಪ್ರಕಾರ ಬರೆದಿದ್ದಳು:
ತಿರುವಿನ ಪಿಯಾ ಜಾಂಬೆಲಿ, ಎಂಬತ್ತೆಂಟು, ಕಿವಿ ಕೇಳದು.
ಅವಳಿಗಳ ತಾಯಿ ಟ್ಯಾಮ್ಸಿನ್, ಬಾಡಿಗೆ, ವಿಮೆ ಇಲ್ಲ.
ವರ್ಲಿ ಆಂಟಿ, ಈ ನದಿಯ ಹಳೆಯ ಹೆಸರು ಬಲ್ಲವಳು,
ಆಕ್ಸಿಜನ್ ಯಂತ್ರಕ್ಕೆ ಕರೆಂಟು ಬೇಕು.
ನೀಲಿ ಬಾಗಿಲ ಲೆಸ್ ಪರ್ಡಿ,
ಚೆನ್ನಾಗಿದ್ದೇನೆ ಅನ್ನುತ್ತಾನೆ. ನಂಬಬೇಡ.

ವಿಮೆಯವರ ಫೋನು ಕಾರಿನ ಬಾನೆಟ್ಟಿನ ಮೇಲೆ
ನಾಲ್ಕು ಗಂಟೆ ಪಿಟೀಲು ನುಡಿಸಿತು.
ಆ ರಾಗಕ್ಕೇ ನಾವು ಕಾರ್ಪೆಟ್ಟು ಸುತ್ತಿ ಎಳೆದೆವು,
ಹೆಣದಷ್ಟು ಭಾರ.
ಕೊನೆಗೊಂದು ಎಳೆಯ ದನಿ:
ನೀರು ಮೇಲಿಂದ ಬಂತೇ, ಕೆಳಗಿಂದ ಬಂತೇ?
ಆಕಾಶದ್ದಾದರೆ ದುಡ್ಡುಂಟು, ನದಿಯದ್ದಾದರೆ ಇಲ್ಲ.
ಕೋರಲಿ ಬಗ್ಗಿ ಅಂದಳು:
"ಒಳಗೆ ಬರುವಾಗ ಯಾವೂರು ಅಂತ
ನಾನದನ್ನು ವಿಚಾರಿಸಲಿಲ್ಲ, ಮಗಾ. ಮುಂದಿನ ಪ್ರಶ್ನೆ?"

ನಿನ್ನ ಭಾಷೆಯಲ್ಲಿ ಇದಕ್ಕೇನಂತಾರೆ, ಕೇಳಿದಳೊಮ್ಮೆ,
ಚಹಾದ ಲೋಟಕ್ಕೆ ಕೆಸರು ಬೆರಳು ಸುತ್ತಿ.
ನೆರೆ, ಅಂದೆ.
ಪಕ್ಕದ ಮನೆಯವರಿಗೆ?
ಅದಕ್ಕೂ ನೆರೆ.
ಅವಳ ತಲೆ ನೋಡಿ ಮೂರನೆಯ ಅರ್ಥ ನುಂಗಿಕೊಂಡೆ.
"ಬಡವರೇ ನೀವು? ಒಂದೇ ಮಾತಲ್ಲಿ
ಎಲ್ಲ ನಿಭಾಯಿಸುತ್ತೀರಿ!"

ದೇವತೆಯೇನಲ್ಲ. ಬೈಯುತ್ತಿದ್ದಳು.
ಹಳೆ ಬಟ್ಟೆಯ ಮೂಟೆ ತಂದವರನ್ನು ಹಾಗೇ ತಿರುಗಿಸಿದಳು,
ಬ್ಲೀಚು ತನ್ನಿ, ಮಾಪು ತನ್ನಿ, ಇಲ್ಲಾ ಬರಲೇಬೇಡಿ.
ಪಿಯಾಳ ಮದುವೆಯ ಆಲ್ಬಮ್ಮನ್ನು
ಕೆಸರಿನ ಮುದ್ದೆಯೆಂದು ಲಾರಿಗೆ ಎಸೆದವಳೂ ಅವಳೇ.
ರಾತ್ರಿ ಟಾರ್ಚು ಹಿಡಿದು
ಊರಾಚೆಯ ಕಸದ ಗುಡ್ಡ ಕೆದಕಿದಳು. ಸಿಗಲಿಲ್ಲ.
ಅದನ್ನೂ ಬರೆದಿಟ್ಟಳು, ಪಿಯಾಳ ಹೆಸರಿನ ಕೆಳಗೆ.

ಜೂನಿನ ಚಳಿಯಲ್ಲಿ ಸಭೆ. ನಕಾಶೆಯಲ್ಲಿ ನಮ್ಮ ಬೀದಿ ಕೆಂಪು.
ಕೆಲವು ಮನೆ ಕೊಳ್ಳುತ್ತೇವೆ, ಕೆಲವನ್ನು ಎತ್ತರಿಸುತ್ತೇವೆ,
ಯಾವುದು ಎಂದು ಈಗಲೇ ಹೇಳಲಾಗದು.
ಅಂದ ಹಾಗೆ ಮೇಡಂ, ನೀವು ಯಾರ ಪರ?
ಕೋರಲಿ ಪುಸ್ತಕ ತೆರೆದು ಹಾಜರಿ ಕೂಗಿದಳು.
ಒಂದೊಂದು ಹೆಸರಿಗೂ ಒಂದೊಂದು ಕುರ್ಚಿ ಕಿರ್ರೆಂದಿತು.
ಲೆಸ್ ಪರ್ಡಿ.
ಯಾರೂ ಏಳಲಿಲ್ಲ.
ಹಿಂದಿನ ರಾತ್ರಿಯೇ ನೀಲಿ ಬಾಗಿಲಿಗೆ ಬೀಗ ಜಡಿದು
ಟೂವೂಂಬಾದ ಮಗಳ ಮನೆಗೆ ಹೋಗಿದ್ದನಂತೆ.
ಲೆಸ್ ಪರ್ಡಿ, ಅಂದಳು ಮತ್ತೆ.
ಎಂಜಿನ್ ಆರಿಸದೆ, ಓಡಿ ಬರುವ ಮಗುವಿಗಾಗಿ
ಕನ್ನಡಿ ನೋಡುತ್ತಾ ಕೂತ ಹಾಗೆ.
ಅಧಿಕಾರಿ ಗಡಿಯಾರ ನೋಡಿದ.
ಅವಳು ಕಾದಳು.

ಈಗ ಪುಸ್ತಕ ನನ್ನ ಬಳಿ ಇದೆ,
ಅವಳ ಮಂಡಿಯ ಆಪರೇಷನ್ ಮುಗಿಯುವ ತನಕ.
ಅವಳ ಮನೆ ಒಂಬತ್ತನೆಯ ಸ್ಟಾಪು.
ಹಿಂದೆ ಮುಂದೆ ತಿರುವಿದೆ, ಇಲ್ಲ.
ಬಸ್ಸು ಓಡಿಸುವವರು ತಮ್ಮನ್ನು ಎಣಿಸಿಕೊಳ್ಳುವುದಿಲ್ಲವೇನೋ.
ಪೆನ್ಸಿಲ್ಲು ಹೆರೆದು ಅಂಚಿನಲ್ಲಿ ಬರೆದೆ:
ಹೆನ್ಸ್‌ಬಿ, ಕೋರಲಿ. ಗೋಡೆ ಇಲ್ಲ, ಚಾವಣಿ ಉಂಟು.
ಮಲಗುವುದು ಹಿತ್ತಲ ಕ್ಯಾರವಾನಿನಲ್ಲಿ.
ಚೆನ್ನಾಗಿದ್ದೇನೆ ಅನ್ನುತ್ತಾಳೆ.