ಮೊಟ್ಟೆಯವಳ ಲೆಕ್ಕ

ಪಲೆರ್ಮೊ ಅರಮನೆಯ ಹಿಂಬಾಗಿಲಲ್ಲಿ
ದಿನಾ ನಲವತ್ತು ಮೊಟ್ಟೆ ಎಣಿಸುತ್ತೇನೆ:
ಮಖ್ಲೂಫನಿಗೆ ಅರಬ್ಬಿಯಲ್ಲಿ,
ನಿಕಿಫೋರನಿಗೆ ಗ್ರೀಕಿನಲ್ಲಿ,
ಬರೆದುಕೊಳ್ಳುವ ನಾರ್ಮನ್ ಅಂಕೆಟಿಲನಿಗೆ
ಬೆರಳಿನಲ್ಲಿ.
ಸಂಜೆ ಅವನ ಲೆಕ್ಕಕ್ಕೆ ಯಾವಾಗಲೂ ಎರಡು ಕಡಿಮೆ.

ತಿನ್ನುವವರು ಅಲ್ಲಿ ಯಾರೂ ಇಲ್ಲ.
ಒಬ್ಬನಿಗೆ ರಂಜಾನ್, ಇನ್ನೊಬ್ಬನಿಗೆ ಈಸ್ಟರಿನ ಮುಂಚಿನ ಉಪವಾಸ.
ಹಳದಿಯೆಲ್ಲ ಬಣ್ಣಕ್ಕೆ,
ಬಿಳಿ ಲೋಳೆ ನನ್ನ ನಾಯಿಗೆ.

ನಿನ್ನೆ ಅಟ್ಟಣಿಗೆ ಹತ್ತಿಸಿದರು.
ಗೋಡೆಯಲ್ಲಿ ನಿಕಿಫೋರನ ದೇವರು,
ಹೊನ್ನಿನ ಹರಳುಗಳ ನಡುವೆ ಅರ್ಧ ಮುಖ:
ಕಣ್ಣು ಬಂದಿವೆ, ಬಾಯಿ ಇನ್ನೂ ಬಂದಿಲ್ಲ.
ಅದರ ಮೇಲೆ ಜೇನುಗೂಡಿನಂಥ ಮರದ ಚಾವಣಿ,
ಮಖ್ಲೂಫನ ಒಂಟೆ, ಕೊಳಲಿನವರು, ಚದುರಂಗದ ಇಬ್ಬರು ಮುದುಕರು,
ಅಂಚಿನಲ್ಲಿ ಕೂಫಿ ಅಕ್ಷರ: ಆಯುಷ್ಯ, ಜಯ, ಬರಕತ್ತು,
ಕತ್ತೆತ್ತಿದರೂ ಓದಲಾಗದ ಪಾದ್ರಿಗಳ ನೆತ್ತಿಯ ಮೇಲೆ.

ಮೂಲೆಯಲ್ಲಿ, ದೀಪ ಎತ್ತಿ ಹಿಡಿದರೆ ಮಾತ್ರ,
ಬುಟ್ಟಿ ಹೊತ್ತ ಹೆಂಗಸು.
‘ಯಾರಿವಳು?’
‘ರಾಣಿ,’ ಎಂದ ಮಖ್ಲೂಫ, ಗಡ್ಡದೊಳಗೇ ನಕ್ಕು.
ರಾಣಿಯ ಎಡಹುಬ್ಬಿಗೆ
ನನ್ನ ಗಾಯದ ಗುರುತು.

ಇಳಿದಾಗ ಅಂಕೆಟಿಲ್ ತಡೆದ,
ಎರಡು ಬೆರಳು ಆಡಿಸಿದ: ಎಲ್ಲಿ ಹೋದವು?
ನಾನು ಮೇಲೆ ತೋರಿಸಿದೆ.
ಅವನು ಬಾಯಿಲ್ಲದ ದೇವರನ್ನು ನೋಡಿ
ಎದೆಯ ಮೇಲೆ ಶಿಲುಬೆ ಬರೆದುಕೊಂಡ,
ಲೆಕ್ಕದಿಂದ ಎರಡು ಹೊಡೆದುಹಾಕಿದ.